ಮುಚ್ಚಳ ತೆಗೆಯದೆ ಒಳಗಿನ ವಸ್ತು ಗುರುತಿಸುವುದು: ಎಕ್ಸ್‌ರೇ ಡಿಫ್ರಾಕ್ಷನ್ ಇಮೇಜಿಂಗ್‌ನ ಸಮಗ್ರ ಮಾರ್ಗದರ್ಶಿ

ಶಿರಸಿಯ ಮನೆಯಲ್ಲಿ ಅಮ್ಮಮ್ಮನ ಕವಳದ ತಟ್ಟೆಯೊಳಗೆ ಒಂದು ಹಿತ್ತಾಳೆಯ ಸುಣ್ಣದ ಡಬ್ಬಿ ಇತ್ತು. ಅವರು ತೀರಿಕೊಂಡ ಮೇಲೆ ಅದು ಅಟ್ಟ ಸೇರಿತು. ಇಪ್ಪತ್ತು ಮಳೆಗಾಲ ಕಳೆದು ಕೆಳಗಿಳಿಸಿದರೆ ಮುಚ್ಚಳ ಕಚ್ಚಿಕೊಂಡು ಕೂತಿದೆ. ಅಲ್ಲಾಡಿಸಿದರೆ ಸದ್ದಿಲ್ಲ. ಒಳಗೆ ಸುಣ್ಣ ಇದೆ ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಸುಣ್ಣದ ತಳದಲ್ಲಿ ಒಂದು ಬೆಳ್ಳಿ ಪಾವಲಿ ಇದೆ ಅಂತ ಚಿಕ್ಕಮ್ಮ. ಅಲ್ಲ, ಬಂಗಾರದ ಬಿಲ್ಲೆ ಅಂತ ಮಾವ. ಹಳೆ ಅಲ್ಯೂಮಿನಿಯಂ ಪೈಸೆ ಇರಬೇಕು ಬಿಡಿ ಅಂತ ಉಳಿದವರು. ಮಾವ ಎರಡು ಸಲ ಸುತ್ತಿಗೆ ತಂದಿದ್ದ.

ನನ್ನ ಕೆಲಸ ಎಕ್ಸ್‌ರೇ ಯಂತ್ರಗಳ ಜೊತೆಗೇ ಆಗಿರುವುದರಿಂದ ಡಬ್ಬಿಯನ್ನು ಲ್ಯಾಬ್‌ಗೆ ಒಯ್ದೆ. ಈ ಮಾರ್ಗದರ್ಶಿ ಆ ಡಬ್ಬಿಯನ್ನೇ ಹಿಡಿದುಕೊಂಡು ಸಾಗುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ ಓದುತ್ತಿರುವವರಿಗೆ, ಹಳೆ ವಸ್ತುಗಳ ಸಂಗ್ರಹ ನೋಡಿಕೊಳ್ಳುವವರಿಗೆ ಉಪಯೋಗ ಆಗಬಹುದು.

ನೆರಳು ಬೇರೆ, ಹರಳಿನ ಗುರುತು ಬೇರೆ

ಆಸ್ಪತ್ರೆಯ ಎಕ್ಸ್‌ರೇ ಕೊಡುವುದು ನೆರಳು. ಎಲ್ಲಿ ಕಿರಣ ಜಾಸ್ತಿ ಹೀರಿಹೋಯಿತು, ಎಲ್ಲಿ ಕಮ್ಮಿ, ಅಷ್ಟೇ ಅದಕ್ಕೆ ಗೊತ್ತು. ಅಘನಾಶಿನಿ ಅಳಿವೆಯ ಬಳಚಿನ ಚಿಪ್ಪು ಒಂದು, ಬಂಡೆಗೆ ಅಂಟಿಕೊಂಡು ಬೆಳೆಯುವ ಆಯ್‌ಸ್ಟರ್ ಚಿಪ್ಪು ಒಂದು ತೆಗೆದುಕೊಳ್ಳಿ. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್. ಒಂದೇ ದಪ್ಪಕ್ಕೆ ನೆರಳಿನಲ್ಲಿ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಆದರೆ ಬಳಚಿನದು ಅರಗೊನೈಟ್, ಆಯ್‌ಸ್ಟರ್‌ನದು ಬಹುಪಾಲು ಕ್ಯಾಲ್ಸೈಟ್. ಪರಮಾಣುಗಳು ಅವೇ, ಜೋಡಣೆ ಬೇರೆ. ಈ ಜೋಡಣೆಯನ್ನು ಓದುವುದೇ ಡಿಫ್ರಾಕ್ಷನ್.

ಹರಳಿನೊಳಗೆ ಪರಮಾಣುಗಳು ಪದರ ಪದರವಾಗಿ ಕೂತಿರುತ್ತವೆ. ಪದರಗಳ ನಡುವಿನ ಅಂತರ, ಎಕ್ಸ್‌ರೇಯ ತರಂಗಾಂತರ, ಕೋನ ಮೂರೂ ಸರಿಯಾಗಿ ಕೂಡಿಬಂದಾಗ ಮಾತ್ರ ಕಿರಣ ಜೋರಾಗಿ ಚದುರುತ್ತದೆ. 1912ರಲ್ಲಿ ಮ್ಯಾಕ್ಸ್ ಫಾನ್ ಲಾವೆ ಮತ್ತು ಜೊತೆಗಾರರು ಇದನ್ನು ಕಂಡರು. ಅದನ್ನು ಸರಳ ಲೆಕ್ಕಕ್ಕೆ ಇಳಿಸಿದವರು ಬ್ರಾಗ್ ತಂದೆ ಮಗ. 1915ರಲ್ಲಿ ನೊಬೆಲ್ ಬಂದಾಗ ಮಗನಿಗೆ 25 ವರ್ಷ. ಮುಚ್ಚಿದ ವಸ್ತುವಿನೊಳಗೆ ಜಾಗ ಜಾಗದಲ್ಲಿ ಇದನ್ನು ಅಳೆದು ಚಿತ್ರ ಕಟ್ಟುವ ಕೆಲಸಕ್ಕೆ ದಾರಿ ಹಾಕಿದ್ದು ಹ್ಯಾಂಬರ್ಗ್‌ನಲ್ಲಿ ಜೆಫ್ರಿ ಹಾರ್ಡಿಂಗ್ ಮತ್ತು ಸಂಗಡಿಗರು, 1987ರಲ್ಲಿ. ಆಮೇಲೆ ವಿಮಾನದ ಸೂಟ್‌ಕೇಸ್‌ಗಳಲ್ಲಿ ಸ್ಫೋಟಕ ಹುಡುಕುವುದಕ್ಕೂ ಇದೇ ತಂತ್ರ ಹೋಯಿತು.

ಮೊದಲು ಪುಡಿಯಲ್ಲಿ ಕೈ ಕುದುರಲಿ

ಮುಚ್ಚಿದ ಡಬ್ಬಿಗೆ ನೇರ ಕೈ ಹಾಕಬೇಡಿ. ಮೊದಲು ಮಾಮೂಲಿ ಪೌಡರ್ ಎಕ್ಸ್‌ಆರ್‌ಡಿಯಲ್ಲಿ, ಅಂದರೆ ಪುಡಿಯಿಂದ ಯಾವ ಕೋನಕ್ಕೆ ಎಷ್ಟು ಎಕ್ಸ್‌ರೇ ಚದುರಿತು ಅಂತ ಅಳೆಯುವ ಯಂತ್ರದಲ್ಲಿ, ನಾಲ್ಕು ಪುಡಿ ಅಳೆಯಿರಿ. ನಮ್ಮ ಕಡೆ ಸಾಮಗ್ರಿಗೆ ಬರವಿಲ್ಲ. ಸಾಣಿಕಟ್ಟಾದ ಉಪ್ಪು, ಬಳಚಿನ ಚಿಪ್ಪು, ಆಯ್‌ಸ್ಟರ್ ಚಿಪ್ಪು, ಕಾರವಾರದ ಕಡಲತಡಿಯ ಮರಳು. ಚಿಪ್ಪಿನ ಜಾತಿ ಯಾವುದು ಅಂತ ಅನುಮಾನ ಇದ್ದರೆ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗದಲ್ಲಿ ವಿಚಾರಿಸಬಹುದು. ಪೌಡರ್ ಯಂತ್ರ ಧಾರವಾಡದ ವಿಶ್ವವಿದ್ಯಾಲಯದಲ್ಲಿ, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ, ಬೆಂಗಳೂರಿನ ಐಐಎಸ್‌ಸಿಯಲ್ಲಿ ಇದೆ. ಯಾವ ಯಂತ್ರ ಎಲ್ಲಿದೆ ಅಂತ ಹುಡುಕಲು ಐ-ಸ್ಟೆಮ್ ಪೋರ್ಟಲ್ ಒಳ್ಳೆಯದು.

ಅರೆಯುವಾಗ ಮೈದಾಹಿಟ್ಟಿನಷ್ಟು ನುಣುಪಾಗಬೇಕು. ಹರಳುಪ್ಪನ್ನು ಹಾಗೇ ತಟ್ಟೆಗೆ ಸುರಿದರೆ ಗೆರೆಚಿತ್ರದಲ್ಲಿ ಒಂದೇ ಶಿಖರ, ಅಂದರೆ ಕಿರಣ ಜೋರಾಗಿ ಚದುರಿದ ಕಡೆ ಏಳುವ ಏರು, ಮುಗಿಲಿಗೆ ಹೋಗುತ್ತದೆ, ಉಳಿದವು ಮಾಯ. ಹರಳುಗಳೆಲ್ಲ ಒಂದೇ ಮಗ್ಗುಲಿಗೆ ಮಲಗಿರುತ್ತವೆ, ಅದಕ್ಕೆ.

ತಾಮ್ರದ ಟ್ಯೂಬ್ ಇರುವ ಯಂತ್ರದಲ್ಲಿ ಉಪ್ಪಿನ ದೊಡ್ಡ ಶಿಖರ 31.7 ಡಿಗ್ರಿಗೆ ಬರುತ್ತದೆ. ಆಯ್‌ಸ್ಟರ್‌ನ ಕ್ಯಾಲ್ಸೈಟ್ 29.4ಕ್ಕೆ. ಬಳಚಿನ ಅರಗೊನೈಟ್ 26.2, 27.2, 45.9ಕ್ಕೆ. ಮರಳಿನ ಸ್ಫಟಿಕಶಿಲೆ, ಅಂದರೆ ಕ್ವಾರ್ಟ್ಸ್, 26.6 ಮತ್ತು 20.9ಕ್ಕೆ. 26.2 ಮತ್ತು 26.6 ಎಷ್ಟು ಹತ್ತಿರ ನೋಡಿ. ಚಿಪ್ಪಿಗೆ ಮರಳು ಮೆತ್ತಿಕೊಂಡೇ ಇರುತ್ತದೆ, ಅಲ್ವಾ? ಒಂದೇ ಶಿಖರ ನೋಡಿ ಹೆಸರು ಹೇಳುವ ಚಟ ಇಲ್ಲಿಯೇ ಬಿಟ್ಟುಬಿಡಿ. ಕನಿಷ್ಠ ಮೂರು ಶಿಖರ ಕೂಡಬೇಕು. ಇರಲೇಬೇಕಾದ ಶಿಖರ ಕಾಣದಿದ್ದರೆ ಯಾಕೆ ಕಾಣಲಿಲ್ಲ ಅನ್ನುವುದಕ್ಕೆ ನಿಮ್ಮ ಹತ್ತಿರ ಉತ್ತರ ಇರಬೇಕು.

ಟ್ಯೂಬ್ ಹತ್ತಿರ ಹೋಗುವ ಮುಂಚೆ

ಮನೆಯಲ್ಲಿ ಮಾಡುವ ಕೆಲಸ ಇದಲ್ಲ. ಗುಜರಿಯ ಎಕ್ಸ್‌ರೇ ಟ್ಯೂಬ್ ತಂದು ಗ್ಯಾರೇಜಿನಲ್ಲಿ ಪ್ರಯತ್ನ ಮಾಡುತ್ತೇನೆ ಅನ್ನುವವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ನಮ್ಮ ದೇಶದಲ್ಲಿ ಇವುಗಳ ಮೇಲ್ವಿಚಾರಣೆ ಅಣುಶಕ್ತಿ ನಿಯಂತ್ರಣ ಮಂಡಳಿಯದ್ದು. ಯಂತ್ರ ಅಲ್ಲಿ ನೋಂದಣಿ ಆಗಿರಬೇಕು. ಬಾಗಿಲು ತೆರೆದ ಕೂಡಲೇ ಕಿರಣ ನಿಲ್ಲುವ ಇಂಟರ್‌ಲಾಕ್ ಇರಬೇಕು. ಕೈಗಾದಲ್ಲಿ ಕೆಲಸ ಮಾಡುವವರ ಎದೆ ಮೇಲೆ ನೀವು ನೋಡಿರುವ, ಮೈಗೆ ಎಷ್ಟು ವಿಕಿರಣ ತಗುಲಿತು ಅಂತ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇಲ್ಲೂ ಬೇಕು. ಮೈಗೆ ತಗಲುವ ವಿಕಿರಣದ ಮಿತಿ ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್, ವಿಕಿರಣದ ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20, ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು. ಇಂಟರ್‌ಲಾಕ್‌ಗೆ ಟೇಪ್ ಸುತ್ತಿ ಕೆಲಸ ಮುಂದುವರಿಸುವ ಲ್ಯಾಬ್ ಕಂಡರೆ ಡಬ್ಬಿ ಎತ್ತಿಕೊಂಡು ವಾಪಸ್ ಬನ್ನಿ.

ಗೋಡೆಯ ಲೆಕ್ಕ

ಪೌಡರ್ ಯಂತ್ರದ ತಾಮ್ರದ ಕಿರಣಕ್ಕೆ ಸುಮಾರು 8 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಮುಂದೆ ಇದನ್ನು ಕೆಇವಿ ಅನ್ನೋಣ. ಚಿಪ್ಪಿನೊಳಗೆ ಇದು ಇಳಿಯುವುದು ಒಂದು ಕೂದಲಿನ ದಪ್ಪದಷ್ಟು. ಹಿತ್ತಾಳೆ ದಾಟುವ ಮಾತೇ ಇಲ್ಲ. ಹಾಗಾಗಿ ಇಲ್ಲಿ ದಾರಿ ತಿರುಗಿಸಬೇಕು. ಒಂದೇ ಶಕ್ತಿಯ ಕಿರಣ ಬಿಟ್ಟು ಕೋನ ಬದಲಿಸುವ ಬದಲು, ಕೋನವನ್ನು ಒಂದು ಕಡೆ ಬಿಗಿದು, ಟಂಗ್‌ಸ್ಟನ್ ಟ್ಯೂಬಿನಿಂದ ಎಲ್ಲ ಶಕ್ತಿಯ ಕಿರಣವನ್ನೂ ಬಿಡುವುದು. ಯಾವ ಶಕ್ತಿ ಚದುರಿ ಬಂತು ಅಂತ ಡಿಟೆಕ್ಟರ್ ವಿಂಗಡಿಸುತ್ತದೆ. ಇದಕ್ಕೆ ಎನರ್ಜಿ ಡಿಸ್ಪರ್ಸಿವ್ ಪದ್ಧತಿ ಅನ್ನುತ್ತಾರೆ. ಲೆಕ್ಕ ಸುಲಭ:

ಶಿಖರದ ಶಕ್ತಿ = 6.199 ÷ (ಪದರಗಳ ಅಂತರ × ಅರ್ಧಕೋನದ ಸೈನ್)

ಅಂತರ ಆಂಗ್‌ಸ್ಟ್ರಮ್‌ನಲ್ಲಿ (ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು), ಉತ್ತರ ಕೆಇವಿಯಲ್ಲಿ. ಅರ್ಧಕೋನ ಅಂದರೆ ಚದುರುವ ಕೋನದ ಅರ್ಧ. ಇದನ್ನು ಮರೆತು ಪೂರ್ತಿ ಕೋನ ಹಾಕಿ ಒಂದು ದಿನ ಕಳೆದವರು ಬಹಳ ಜನ.

ಈಗ ಡಬ್ಬಿ. ಮುಚ್ಚಳ 1 ಮಿ.ಮೀ., ತಳ 1 ಮಿ.ಮೀ., ಒಟ್ಟು 2 ಮಿ.ಮೀ. ಹಿತ್ತಾಳೆ. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕೊಡುವ 5 ಡಿಗ್ರಿ ಕೋನ ಇಟ್ಟುಕೊಂಡರೆ ಕ್ಯಾಲ್ಸೈಟ್‌ನ 3.035 ಆಂಗ್‌ಸ್ಟ್ರಮ್ ಪದರದ ಶಿಖರ 46.8 ಕೆಇವಿಗೆ ಬರುತ್ತದೆ. ಆ ಶಕ್ತಿಯಲ್ಲಿ 2 ಮಿ.ಮೀ. ಹಿತ್ತಾಳೆ ದಾಟುವುದು ಶೇಕಡಾ 0.5ರಷ್ಟೂ ಇಲ್ಲ. ಕೋನವನ್ನು 3 ಡಿಗ್ರಿಗೆ ಇಳಿಸಿ. ಅದೇ ಶಿಖರ 78 ಕೆಇವಿಗೆ ಹೋಗುತ್ತದೆ. ಅಲ್ಲಿ ಸುಮಾರು ಕಾಲು ಪಾಲು ದಾಟುತ್ತದೆ. ಎರಡು ಡಿಗ್ರಿ ತಿರುಗಿಸಿದ್ದಕ್ಕೆ ಐವತ್ತು ಪಟ್ಟಿಗಿಂತ ಜಾಸ್ತಿ ಬೆಳಕು ಸಿಕ್ಕಿತು. ನನ್ನ ಅನುಭವದಲ್ಲಿ ಇಡೀ ಕೆಲಸದ ಗೆಲುವು ಸೋಲು ಇದೊಂದು ಲೆಕ್ಕದಲ್ಲೇ ತೀರ್ಮಾನ ಆಗುತ್ತದೆ. ಆದರೂ ಜನ ಯಂತ್ರದ ಮುಂದೆ ಕೂತ ಮೇಲೆಯೇ ಇದನ್ನು ಮಾಡುವುದು.

ಒಳಗೆ ಏನೇನು ಇರಬಹುದು ಅಂತ ಊಹಿಸಿ, ಪ್ರತಿಯೊಂದರ ಶಿಖರ 3 ಡಿಗ್ರಿಯಲ್ಲಿ ಎಲ್ಲಿ ಬೀಳುತ್ತದೆ ಅಂತ ಮೊದಲೇ ಬರೆದಿಟ್ಟುಕೊಳ್ಳಿ. ನನ್ನ ಚೀಟಿ ಹೀಗಿತ್ತು. ಕ್ಯಾಲ್ಸೈಟ್ 78.0. ಇನ್ನೂ ಗಾಳಿಗೆ ಕಾರ್ಬೊನೇಟ್ ಆಗದ ಹಸಿ ಸುಣ್ಣ, ಅಂದರೆ ಪೋರ್ಟ್‌ಲ್ಯಾಂಡೈಟ್, 48.3 ಮತ್ತು 90.1. ಉಪ್ಪು 83.9. ಅರಗೊನೈಟ್ 69.7. ಡಬ್ಬಿಯ ಹಿತ್ತಾಳೆಯದೇ ಶಿಖರ ಸುಮಾರು 111. ತಾಮ್ರ 113.5, ನಿಕ್ಕಲ್ 116.4. ಬೆಳ್ಳಿ 100.4, ಬಂಗಾರ 100.6, ಅಲ್ಯೂಮಿನಿಯಂ 101.3.

ಈ ಚೀಟಿಯಲ್ಲಿ ಮೂರು ತಂಟೆ ಆಗಲೇ ಕಾಣುತ್ತಿವೆ. ಪೋರ್ಟ್‌ಲ್ಯಾಂಡೈಟ್‌ನ 48.3ನ್ನು ಹಿತ್ತಾಳೆ ನುಂಗುತ್ತದೆ, ಹಾಗಾಗಿ 90.1ರ ಮೇಲೆ ಕಣ್ಣಿಡಬೇಕು. ಅರಗೊನೈಟ್‌ನ 69.7 ಟಂಗ್‌ಸ್ಟನ್‌ನ ಸ್ವಂತ ಗೆರೆಗಳ ಸಂತೆಯಲ್ಲಿ ಬೀಳುತ್ತದೆ. ಟ್ಯೂಬಿನ ಟಂಗ್‌ಸ್ಟನ್ ತಾನೇ ಸೂಸುವ ಆ ಗೆರೆಗಳು 58, 59.3, 67.2, 69.1ರಲ್ಲಿರುತ್ತವೆ. 69.5ರಲ್ಲಿ ಟಂಗ್‌ಸ್ಟನ್‌ನ ಅಂಚೂ ಇದೆ, ಅಂದರೆ ಅದು ಕಿರಣವನ್ನು ಇದ್ದಕ್ಕಿದ್ದಂತೆ ಜಾಸ್ತಿ ನುಂಗಲು ಶುರುಮಾಡುವ ಜಾಗ. ಅರಗೊನೈಟ್ ಬೇಕೇ ಬೇಕು ಅಂದರೆ 2.7 ಡಿಗ್ರಿಯಲ್ಲಿ ಇನ್ನೊಂದು ಸಲ ಅಳೆಯಬೇಕು, ಆಗ ಅದು 77.5ಕ್ಕೆ ಸರಿಯುತ್ತದೆ. ಮೂರನೆಯ ತಂಟೆ ನಾಣ್ಯದ್ದು. ಅದು ದೊಡ್ಡ ಕಥೆ, ಕೊನೆಗೆ ಹೇಳುತ್ತೇನೆ.

ಬೆಳ್ಳಿಯ 100 ದಾಟಿ ನೋಡಬೇಕಾದ್ದರಿಂದ ಟ್ಯೂಬ್ 160 ಕಿಲೋವೋಲ್ಟ್‌ನದ್ದಾಗಿರಲಿ. ಡಿಟೆಕ್ಟರ್ ಜರ್ಮೇನಿಯಂ ಆದರೆ ಚೆಂದ, ಕ್ಯಾಡ್ಮಿಯಂ ಟೆಲ್ಯುರೈಡ್ ಆದರೂ ನಡೆಯುತ್ತದೆ. ಎರಡನೆಯದರಲ್ಲಿ ದೊಡ್ಡ ಶಿಖರದಿಂದ 23 ಮತ್ತು 27 ಕೆಇವಿ ಕೆಳಗೆ ಸುಳ್ಳು ಮರಿಶಿಖರ ಹುಟ್ಟುತ್ತವೆ ಅನ್ನುವುದು ನೆನಪಿರಲಿ. ಬೇಗ ಮುಗಿಯಬೇಕು, ಇನ್ನೂ ಸೂಕ್ಷ್ಮ ಬೇಕು ಅನ್ನುವವರಿಗೆ ತೀರಾ ಜೋರಾದ ಎಕ್ಸ್‌ರೇ ಕೊಡುವ ಇಂದೋರ್‌ನ ಇಂಡಸ್-2 ಸಿಂಕ್ರೊಟ್ರಾನ್ ಇದೆ. ಪ್ರಸ್ತಾವ ಬರೆದು ಸರದಿ ಕಾಯಬೇಕು.

ಸೀಳುಗಳು: ಎಲ್ಲಿಂದ ಬಂತು ಅನ್ನುವುದು ಗೊತ್ತಾಗಬೇಕು

ಟ್ಯೂಬಿನ ಮುಂದೆ ಒಂದು ಸೀಳು, ಡಿಟೆಕ್ಟರ್ ಮುಂದೆ ಒಂದು. ಹೋಗುವ ಕಿರಣ ಮತ್ತು ನೋಡುವ ದಾರಿ ಎರಡೂ ಕೂಡುವ ಜಾಗದಿಂದ ಬಂದದ್ದು ಮಾತ್ರ ಲೆಕ್ಕಕ್ಕೆ. ಆ ಜಾಗದ ಆಕಾರ ವಜ್ರದ ಬಿಲ್ಲೆಯಂತೆ, ಆದರೆ ಹಿಗ್ಗಿಸಿ ಎಳೆದ ಹಾಗೆ. ಕೋನ ಚಿಕ್ಕದಾದಷ್ಟೂ ಉದ್ದ. ಎರಡೂ ಸೀಳು ಅರ್ಧ ಮಿ.ಮೀ. ಇದ್ದರೆ 5 ಡಿಗ್ರಿಯಲ್ಲಿ ಉದ್ದ ಸುಮಾರು 11.5 ಮಿ.ಮೀ., 3 ಡಿಗ್ರಿಯಲ್ಲಿ 19 ಮಿ.ಮೀ. ನಮ್ಮ ಡಬ್ಬಿಯ ಎತ್ತರವೇ 25 ಮಿ.ಮೀ. ಹಾಗಾದರೆ ಮೇಲಿನ ಸುಣ್ಣ, ನಡುವಿನ ಸುಣ್ಣ, ತಳದ ನಾಣ್ಯ ಎಲ್ಲ ಕಲಸಿ ಒಂದೇ ಸಾರು.

ಸೀಳನ್ನು 0.2 ಮಿ.ಮೀ.ಗೆ ಇಳಿಸಿದೆ. ಉದ್ದ 7.6 ಮಿ.ಮೀ. ಆಯಿತು. ಮೂರು ಪದರವಾಗಿ ಬಿಡಿಸಿ ನೋಡಬಹುದು. ಬೆಲೆ ಸಮಯ. ಗೋಡೆಗಾಗಿ ಕೋನ ಇಳಿಸಿದರೆ ಆಳ ಮಸುಕು, ಆಳಕ್ಕಾಗಿ ಸೀಳು ಕಿರಿದು ಮಾಡಿದರೆ ಡಿಟೆಕ್ಟರ್‌ಗೆ ಸಿಗುವ ಕಿರಣದ ಎಣಿಕೆ ಕಮ್ಮಿ. ಇದರಿಂದ ಯಾರಿಗೂ ಬಿಡುಗಡೆ ಇಲ್ಲ.

ಸರಿಹೊಂದಿಸುವುದು, ಮತ್ತು ನನ್ನ ಕ್ಲೇ ಪ್ರಸಂಗ

ಶಕ್ತಿಯ ಅಳತೆಗೋಲನ್ನು ಅಮೆರಿಷಿಯಂ-241ರ 59.54 ಮತ್ತು ಕೋಬಾಲ್ಟ್-57ರ 122.06 ಕೆಇವಿ ಗೆರೆಗಳಿಂದ ಕೂಡಿಸಿ. ಇದು ಹತ್ತು ನಿಮಿಷದ ಕೆಲಸ. ಕೋನ ಮಾತ್ರ ಹಾಗಲ್ಲ. ಸ್ಕೇಲ್ ಹಿಡಿದು ಅಳೆದ 3 ಡಿಗ್ರಿಯನ್ನು ನಂಬಬೇಡಿ. 0.1 ಡಿಗ್ರಿ ತಪ್ಪಿದರೂ 78ರ ಕ್ಯಾಲ್ಸೈಟ್ 75.5ಕ್ಕೆ ಹೋಗಿ ಕೂರುತ್ತದೆ. ಡಬ್ಬಿ ಇಡುವ ಜಾಗದಲ್ಲೇ ಗೊತ್ತಿರುವ ಪುಡಿ ಇಟ್ಟು, ಶಿಖರ ಬಿದ್ದ ಜಾಗದಿಂದ ಕೋನವನ್ನು ವಾಪಸ್ ಲೆಕ್ಕ ಹಾಕಿ. ಲ್ಯಾಬ್‌ನಲ್ಲಿ ಸಿಲಿಕಾನ್ ಅಥವಾ ಲ್ಯಾಂಥನಮ್ ಹೆಕ್ಸಾಬೊರೈಡ್ ಮಾನಕ ಪುಡಿ ಇರುತ್ತದೆ. ನಾನು ಅದರ ಜೊತೆಗೆ ನುಣ್ಣಗೆ ಅರೆದ ಸಾಣಿಕಟ್ಟಾ ಉಪ್ಪನ್ನೂ ಇಡುತ್ತೇನೆ. ಅದು 83.9ಕ್ಕೆ ಬಂದು ನಿಂತರೆ ಮನಸ್ಸಿಗೆ ಸಮಾಧಾನ.

ಆಮೇಲೆ ಖಾಲಿ ಅಳತೆ. ವಸ್ತು ಇಲ್ಲದೆ, ಹಿಡಿಕೆ ಮಾತ್ರ ಇಟ್ಟು ಒಂದು ಸಲ. ಅದೇ ದಪ್ಪದ ಖಾಲಿ ಹಿತ್ತಾಳೆ ಡಬ್ಬಿ ಇಟ್ಟು ಇನ್ನೊಂದು ಸಲ. ಇದನ್ನು ಬಿಟ್ಟರೆ ಏನಾಗುತ್ತದೆ ಅಂತ ನನ್ನನ್ನು ಕೇಳಿ. ಡಬ್ಬಿ ಅಲ್ಲಾಡದಿರಲಿ ಅಂತ ಮಗಳ ಆಟದ ಕ್ಲೇಯನ್ನು ಕೆಳಗೆ ಒತ್ತಿ ಕೂರಿಸಿದ್ದೆ. ಮೊದಲ ರಾತ್ರಿಯ ಅಳತೆಯಲ್ಲಿ ಕ್ಯಾಲ್ಸೈಟ್ ಎಲ್ಲೆಲ್ಲೂ ಜಗಮಗ. ಡಬ್ಬಿಯ ಹೊರಗೂ ಕ್ಯಾಲ್ಸೈಟ್! ಡಬ್ಬಿ ಸೋರುತ್ತಿದೆಯೇ ಅಂತ ಅರ್ಧ ಬೆಳಗು ತಲೆ ಕೆರೆದುಕೊಂಡೆ. ಆ ಬಗೆಯ ಕ್ಲೇಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನೇ ತುಂಬಿರುತ್ತಾರೆ. ಹುಡುಕುತ್ತಿರುವ ವಸ್ತುವನ್ನೇ ಹಿಡಿಕೆಗೆ ಹಚ್ಚಿದ್ದೆ ನಾನು. ಈಗ ಫೋಮ್ ಮತ್ತು ಹತ್ತಿ ನೂಲು ಬಿಟ್ಟು ಬೇರೇನೂ ಮುಟ್ಟುವುದಿಲ್ಲ.

ಶಿಖರ ನಿಜವೋ ಸುಳ್ಳೋ ಅಂತ ಅನುಮಾನ ಬಂದರೆ ಒಂದು ಉಪಾಯ. ಕೋನವನ್ನು ಚೂರು ಬದಲಿಸಿ ಮತ್ತೆ ಅಳೆಯಿರಿ. ಹರಳಿನಿಂದ ಬಂದ ಶಿಖರ ಜಾಗ ಬದಲಿಸುತ್ತದೆ. ಟಂಗ್‌ಸ್ಟನ್, ಸೀಸ ಮುಂತಾದ ಲೋಹಗಳ ಸ್ವಂತ ಗೆರೆ ಕದಲುವುದಿಲ್ಲ.

ನೆರಳು ಮೊದಲು, ಆಮೇಲೆ ಚುಕ್ಕಿ ಚುಕ್ಕಿ

ನೇರವಾಗಿ ಡಿಫ್ರಾಕ್ಷನ್ ಶುರು ಮಾಡಬೇಡಿ. ಮೊದಲು ಮಾಮೂಲಿ ನೆರಳಿನ ಚಿತ್ರ ತೆಗೆಯಿರಿ, ಮೇಲಿನಿಂದ ಒಂದು, ಪಕ್ಕದಿಂದ ಒಂದು. ನಮ್ಮ ಡಬ್ಬಿಯಲ್ಲಿ ಮೇಲಿನಿಂದ ನೋಡಿದಾಗ ತಳದಲ್ಲಿ ಒಂದು ದುಂಡನೆಯ ಕಡು ನೆರಳು ಕಂಡಿತು, ಅಡ್ಡಳತೆ 19 ಮಿ.ಮೀ. ಸುಣ್ಣದ ನಡುವೆ ಒಂದು ಬಿರುಕೂ ಇತ್ತು. ಎಲ್ಲಿ ಸಮಯ ಸುರಿಯಬೇಕು ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

ಈಗ ಲೆಕ್ಕ. ಡಬ್ಬಿಯ ಅಡ್ಡಳತೆ 40 ಮಿ.ಮೀ. 4 ಮಿ.ಮೀ.ಗೊಂದು ಚುಕ್ಕಿಯಂತೆ ಸುಮಾರು 80 ಚುಕ್ಕಿ. ಚುಕ್ಕಿಗೆ 10 ನಿಮಿಷ ಅಂದರೆ 13 ತಾಸು. ಮೂರು ಪದರಕ್ಕೆ 40 ತಾಸು. ಚಿತ್ರ ಚೆಂದ ಬರಲಿ ಅಂತ 2 ಮಿ.ಮೀ.ಗೆ ಇಳಿಸಿದರೆ ನಾಲ್ಕು ಪಟ್ಟು, ಹತ್ತಿರ ಹತ್ತಿರ ಒಂದು ವಾರ. ಅಷ್ಟು ದಿನ ಯಂತ್ರವನ್ನು ಯಾರೂ ಕೊಡುವುದಿಲ್ಲ. ಮೊದಲು ದೊಡ್ಡ ಚುಕ್ಕಿಯಲ್ಲಿ ಎಲ್ಲ ಕಡೆ ಓಡಿಸಿ, ವಿಶೇಷ ಕಂಡಲ್ಲಿ ಮಾತ್ರ ಸಣ್ಣ ಚುಕ್ಕಿ ಹಾಕಿ.

ಲೋಹ ಇರುವ ಕಡೆ ಇನ್ನೊಂದು ಎಚ್ಚರಿಕೆ. ನಾಣ್ಯದ ಹರಳುಗಳು ಸುಣ್ಣದಷ್ಟು ಸಣ್ಣ ಅಲ್ಲ, ಒತ್ತಿ ಹೊಡೆದ ಕಾರಣ ಒಂದೇ ದಿಕ್ಕಿಗೆ ವಾಲಿರುತ್ತವೆ. ಒಂದು ಚುಕ್ಕಿಯಲ್ಲಿ ಶಿಖರ ಜೋರು, ಪಕ್ಕದಲ್ಲಿ ಏನೂ ಇಲ್ಲ. ಅಳೆಯುವಾಗ ಡಬ್ಬಿಯನ್ನು ನಾಲ್ಕೈದು ಡಿಗ್ರಿ ಮೆಲ್ಲಗೆ ಅತ್ತಿತ್ತ ತೂಗಿಸಿದರೆ ಇದು ಸುಮಾರಾಗಿ ಸಮ ಆಗುತ್ತದೆ.

ಮಳೆಗಾಲದಲ್ಲಿ ಕರಾವಳಿಯ ಲ್ಯಾಬ್‌ನಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ತಂಪು ಮಾಡಿದ ಡಿಟೆಕ್ಟರ್ ಕಿಟಕಿಯ ಮೇಲೆ ಜೂನ್ ಜುಲೈನಲ್ಲಿ ನೀರು ಕೂರುತ್ತದೆ. ಕೋಣೆಯ ತೇವ ಇಳಿಸದೆ ಸ್ವಿಚ್ ಹಾಕಬೇಡಿ. ಕರೆಂಟ್ ಹೋಗಿ ಬಂದರೆ ಟ್ಯೂಬನ್ನು ಮತ್ತೆ ಮೆಲ್ಲಗೆ ಬಿಸಿ ಮಾಡಿಯೇ ಏರಿಸಬೇಕು, ಆಮೇಲೆ ಉಪ್ಪಿನ ಅಳತೆ ಇನ್ನೊಮ್ಮೆ. ಅದಕ್ಕೇ ಪ್ರತಿ ಚುಕ್ಕಿಯ ಫೈಲ್ ಬೇರೆ ಬೇರೆ ಉಳಿಯುವ ಹಾಗೆ ಸಾಫ್ಟ್‌ವೇರ್ ಹೊಂದಿಸಿಕೊಳ್ಳಿ.

ಬಂದ ಗೆರೆಗಳನ್ನು ಓದುವುದು

ಪ್ರತಿ ಚುಕ್ಕಿಯ ಗೆರೆಚಿತ್ರದಿಂದ ಮೊದಲು ಖಾಲಿ ಅಳತೆಯನ್ನು ಕಳೆಯಿರಿ. ಆಮೇಲೆ ಹಿತ್ತಾಳೆ ಮತ್ತು ಸುಣ್ಣ ಯಾವ ಶಕ್ತಿಯಲ್ಲಿ ಎಷ್ಟು ನುಂಗಿತು ಅನ್ನುವುದನ್ನು ತಿದ್ದಿ. ಅದೇ ಚುಕ್ಕಿಯಲ್ಲಿ ನೇರ ಕಿರಣದ ಅಳತೆ ಇದ್ದರೆ ಈ ತಿದ್ದುಪಡಿ ಸುಲಭ. ಕೊನೆಗೆ ಶಕ್ತಿಯನ್ನು ಪದರದ ಅಂತರಕ್ಕೆ ಬದಲಿಸಿ ಪಟ್ಟಿಯ ಜೊತೆ ಹೋಲಿಸಿ. ಕ್ರಿಸ್ಟಲೋಗ್ರಫಿ ಓಪನ್ ಡೇಟಾಬೇಸ್ ಪುಕ್ಕಟೆ ಸಿಗುತ್ತದೆ. ಹೋಲಿಸುವ ಸಾಫ್ಟ್‌ವೇರ್‌ಗಳಾದ ಪ್ರೊಫೆಕ್ಸ್, ಜಿಎಸ್‌ಎಎಸ್-2 ಕೂಡ ಪುಕ್ಕಟೆ. ಕಂಪ್ಯೂಟರ್ ಮೊದಲ ಸಾಲಿನಲ್ಲಿ ತೋರಿಸಿದ ಹೆಸರೇ ಸರಿ ಅಂತ ಏನೂ ಇಲ್ಲ. ಅಮ್ಮಮ್ಮನ ಡಬ್ಬಿಯಲ್ಲಿ ಯಾವುದೋ ಅಪರೂಪದ ಯುರೇನಿಯಂ ಖನಿಜ ಇದೆ ಅಂತ ಅದು ನನಗೆ ಗಂಭೀರವಾಗಿ ಹೇಳಿತ್ತು. ಹುಡುಕುವ ಮುಂಚೆ ಇರಲು ಸಾಧ್ಯವಿರುವ ಮೂಲವಸ್ತುಗಳನ್ನು ಮಾತ್ರ ಆಯ್ದು ಕೊಡಿ.

ಡಬ್ಬಿಯ ಮೇಲಿನ ಪದರದಲ್ಲಿ 78ರ ಶಿಖರ ಚೆನ್ನಾಗಿತ್ತು, 95 ಮತ್ತು 103.6ರ ಸಣ್ಣವೂ ಇದ್ದವು. ಅದು ಕ್ಯಾಲ್ಸೈಟ್. ನಡುವಿನ ಪದರದಲ್ಲಿ, ಬಿರುಕಿನಿಂದ ದೂರದ ನಾಲ್ಕೈದು ಚುಕ್ಕಿಯಲ್ಲಿ ಮಾತ್ರ, 90ರ ಹತ್ತಿರ ಒಂದು ಮೆಲು ಉಬ್ಬು. ಅಲ್ಲಿ ಸುಣ್ಣ ಇನ್ನೂ ಪೂರ್ತಿ ಕಾರ್ಬೊನೇಟ್ ಆಗಿಲ್ಲ, ಗಾಳಿ ತಲುಪಿಲ್ಲ. ಪ್ರತಿ ಚುಕ್ಕಿಯ 78ರ ಶಿಖರದ ವಿಸ್ತೀರ್ಣಕ್ಕೆ ಒಂದು ಬಣ್ಣ, 90ಕ್ಕೆ ಇನ್ನೊಂದು ಬಣ್ಣ ಕೊಟ್ಟರೆ ಅದೇ ಚಿತ್ರ. ಇಮೇಜಿಂಗ್ ಅನ್ನುವ ದೊಡ್ಡ ಹೆಸರಿನ ಹಿಂದೆ ಇರುವುದು ಇಷ್ಟೇ.

ಒಂದು ಕಡೆ 83.5ರ ಹತ್ತಿರ ಚಿಕ್ಕ ಶಿಖರ ಕಂಡು ಉಪ್ಪು ಅಂತ ಖುಷಿಪಟ್ಟೆ. ಕರಾವಳಿಯ ಚಿಪ್ಪಿನ ಸುಣ್ಣ, ಉಪ್ಪು ಉಳಿದಿರಬೇಕು ಅಂತ ಕಥೆಯೂ ಕಟ್ಟಿದೆ. ಆದರೆ ಕ್ಯಾಲ್ಸೈಟ್‌ಗೇ 83.3ರಲ್ಲಿ ಒಂದು ಬಡಕಲು ಶಿಖರ ಇದೆ. ಉಪ್ಪು ಆಗಿದ್ದರೆ 119ರ ಹತ್ತಿರ ಇನ್ನೊಂದು ಕಾಣಬೇಕಿತ್ತು, ಕಾಣಲಿಲ್ಲ. ಕಥೆ ಕೈಬಿಟ್ಟೆ.

ಸುಣ್ಣ ಚಿಪ್ಪಿನದೋ ಕಲ್ಲಿನದೋ ಅಂತ ಕೇಳಿದರೆ? ಅರಗೊನೈಟ್ ಸಿಕ್ಕಿದ್ದರೆ ಗೂಡಿನಲ್ಲಿ ಸುಡದೆ ಉಳಿದ ಚಿಪ್ಪಿನ ಚೂರು ಅನ್ನಬಹುದಿತ್ತು. 2.7 ಡಿಗ್ರಿಯಲ್ಲೂ ಸಿಗಲಿಲ್ಲ. ಚಿಪ್ಪಾಗಲಿ ಕಲ್ಲಾಗಲಿ, ಸುಟ್ಟು, ನೀರು ಹಾಕಿ, ಗಾಳಿಗೆ ಗಟ್ಟಿಯಾದ ಮೇಲೆ ಎರಡೂ ಕ್ಯಾಲ್ಸೈಟೇ. ಹಳೆಯ ಜೋಡಣೆಯ ನೆನಪು ಹರಳಿಗೆ ಉಳಿಯುವುದಿಲ್ಲ. ಈ ಪ್ರಶ್ನೆಗೆ ಡಿಫ್ರಾಕ್ಷನ್ ಉತ್ತರ ಕೊಡುವುದಿಲ್ಲ ಅಂತಲೇ ವರದಿಯಲ್ಲಿ ಬರೆಯಬೇಕು.

ಹರಳೇ ಅಲ್ಲದ ವಸ್ತುಗಳ ಕಥೆ ಬೇರೆ. ನೀರು, ಜೇನು, ಎಣ್ಣೆ, ಗಾಜು, ಪ್ಲಾಸ್ಟಿಕ್ ಬಹುಪಾಲು ಅಗಲ ಉಬ್ಬುಗಳನ್ನಷ್ಟೇ ಕೊಡುತ್ತವೆ. ನೀರಿಗೂ ಎಣ್ಣೆಗೂ ಉಬ್ಬಿನ ಜಾಗ ಬೇರೆ, ಹೋಲಿಸಿ ಹೇಳಬಹುದು. ಯಾವ ಜೇನು ಅಂತ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ. ಇನ್ನು ಶಿರಸಿ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರಗಳ ಹಾಗಿನ ಕೆಲಸಕ್ಕೆ ಈ ಆರುಪಾರು ಪದ್ಧತಿ ಆಗದು, ಗೋಡೆಯ ಹಿಂದೆ ಡಿಟೆಕ್ಟರ್ ಇಡುವುದು ಹೇಗೆ? ಅಲ್ಲಿ ಒಂದೇ ಬದಿಯಿಂದ ನೋಡುವ, ಎತ್ತಿ ಒಯ್ಯುವಂಥ ಯಂತ್ರ ಬೇಕು.

ಪಾವಲಿಯ ಪಂಚಾಯಿತಿ

ತಳದ ಪದರದಲ್ಲಿ, ದುಂಡು ನೆರಳಿನ ಜಾಗದಲ್ಲಿ 100 ಕೆಇವಿ ಸುತ್ತ ಶಿಖರ ಬಂತು. ಅಗಲ ಸುಮಾರು ಎರಡು ಕೆಇವಿ. ಚೀಟಿ ನೋಡಿ: ಬೆಳ್ಳಿ 100.4, ಬಂಗಾರ 100.6, ಅಲ್ಯೂಮಿನಿಯಂ 101.3. ಚಿಕ್ಕಮ್ಮ, ಮಾವ, ಉಳಿದವರು ಮೂವರೂ ಗೆದ್ದರು!

ಇದು ಯಂತ್ರದ ದೋಷ ಅಲ್ಲ. ಮೂರೂ ಲೋಹಗಳ ಪರಮಾಣುಗಳು ಒಂದೇ ಬಗೆಯ ಘನದಲ್ಲಿ ಕೂರುತ್ತವೆ. ಘನದ ಅಂಚು ಬೆಳ್ಳಿಗೆ 4.086 ಆಂಗ್‌ಸ್ಟ್ರಮ್, ಬಂಗಾರಕ್ಕೆ 4.078, ಅಲ್ಯೂಮಿನಿಯಂಗೆ 4.049. ಒಂದು ಶಿಖರ ಅಲ್ಲ, ಎಲ್ಲ ಶಿಖರಗಳೂ ಜೊತೆಜೊತೆಗೇ ಬೀಳುತ್ತವೆ. ಇಲ್ಲಿ ಮೂರು ಶಿಖರದ ನಿಯಮವೂ ಕೈಕೊಡುತ್ತದೆ. ಹಾಗಾಗಿ ಬಿಟ್ಟುಬಂದ ನೆರಳಿಗೇ ವಾಪಸ್ ಹೋಗಬೇಕು.

80 ಕೆಇವಿಯಲ್ಲಿ ಒಂದೂವರೆ ಮಿ.ಮೀ. ಅಲ್ಯೂಮಿನಿಯಂ ತಡೆಯುವುದು ನೂರಕ್ಕೆ ಎಂಟು. ಅಷ್ಟೇ ದಪ್ಪದ ಬೆಳ್ಳಿ ನೂರಕ್ಕೆ ತೊಂಬತ್ತೆಂಟು. ಅಲ್ಯೂಮಿನಿಯಂ ಆಗಿದ್ದರೆ ಸುಣ್ಣದ ನಡುವೆ ನೆರಳು ಸರಿಯಾಗಿ ಕಾಣುತ್ತಲೇ ಇರಲಿಲ್ಲ. ನಮ್ಮ ನೆರಳು ಕಡುಗಪ್ಪು. ಪೈಸೆ ಪಕ್ಷ ಔಟ್.

ಬೆಳ್ಳಿಯೋ ಬಂಗಾರವೋ? ನೆರಳಿನ ಕಪ್ಪು ಇಲ್ಲಿ ಸಾಲದು, ದಪ್ಪ ಖಚಿತವಾಗಿ ಗೊತ್ತಿಲ್ಲವಲ್ಲ. ಆದರೆ ಬಂಗಾರಕ್ಕೆ 80.7 ಕೆಇವಿಯಲ್ಲಿ ಒಂದು ಮೆಟ್ಟಿಲು ಇದೆ. ಆ ಶಕ್ತಿ ದಾಟಿದ ಕೂಡಲೇ ಅದು ಕಿರಣವನ್ನು ಇದ್ದಕ್ಕಿದ್ದಂತೆ ಜಾಸ್ತಿ ನುಂಗುತ್ತದೆ. ಬೆಳ್ಳಿಯ ಮೆಟ್ಟಿಲು 25.5ರಲ್ಲಿ, ಹಿತ್ತಾಳೆಯ ಆಚೆ ಅದು ಕಾಣುವುದೇ ಇಲ್ಲ. ಡಿಟೆಕ್ಟರನ್ನು ನೇರ ಕಿರಣದ ದಾರಿಗೆ ತಂದು, ಮುಂದೆ ಸೂಜಿತೂತು ಇಟ್ಟು, ಟ್ಯೂಬಿನ ಕರೆಂಟ್ ತೀರಾ ಇಳಿಸಿ, ನಾಣ್ಯದ ಮೂಲಕ ಬಂದ ಗೆರೆಚಿತ್ರ ತೆಗೆದೆ. ತೂತು ಇಡದೆ ಹೀಗೆ ಮಾಡಿದರೆ ಡಿಟೆಕ್ಟರ್ ಎಣಿಕೆಯಲ್ಲಿ ಮುಳುಗಿಹೋಗುತ್ತದೆ. 80.7ರಲ್ಲಿ ಗೆರೆ ನುಣ್ಣಗೆ ದಾಟಿತು. ಮೆಟ್ಟಿಲಿಲ್ಲ. ಬಂಗಾರ ಅಲ್ಲ.

ಉಳಿದದ್ದು ಬೆಳ್ಳಿ. 19 ಮಿ.ಮೀ. ಅಡ್ಡಳತೆ ಪಾವಲಿಗೆ ಸರಿಹೋಗುತ್ತದೆ. 1946ರಿಂದ ಪಾವಲಿ ನಿಕ್ಕಲ್‌ನಲ್ಲಿ ಬಂತು, ಹಾಗಾಗಿ ಪಾವಲಿಯೇ ಹೌದಾದರೆ 1945 ಅಥವಾ ಅದಕ್ಕೂ ಹಿಂದಿನದು. ಬೆಳ್ಳಿ ಎಷ್ಟು ಶುದ್ಧ ಅಂತ ಮಾವ ಕೇಳಿದ. ಮಿಶ್ರಣದ ತಾಮ್ರದ ಶಿಖರ 113.5ರಲ್ಲಿ ಬರಬೇಕು, ಡಬ್ಬಿಯ ತಳದ ಹಿತ್ತಾಳೆ 111ರಲ್ಲಿ ಕೂತು ಅದನ್ನು ಮುಚ್ಚುತ್ತದೆ. ಬೆಳ್ಳಿಯದೇ ಎರಡನೇ ಶಿಖರ 116ರಲ್ಲಿ ಬಂದು ಇನ್ನಷ್ಟು ಕಲಸುತ್ತದೆ. ವರದಿಯಲ್ಲಿ "ಬೆಳ್ಳಿ ಪ್ರಧಾನ ಲೋಹ, ಶುದ್ಧತೆ ಹೇಳಲಾಗದು" ಅಂತ ಬರೆದೆ. ಕೆಳಗೆ ಕೋನ, ಸೀಳಿನ ಅಳತೆ, ಉಪ್ಪಿನ ಶಿಖರ ಬಿದ್ದ ಜಾಗ, ಖಾಲಿ ಅಳತೆಯ ಫೈಲ್ ಹೆಸರು ಹಾಕಿದೆ. ಮಾವ ಓದಿ ಮಡಚಿ, ಡಬ್ಬಿಯ ಕೆಳಗೇ ಇಟ್ಟ.